ಪದಚರ್ಚೆ: ಮರಗೆಲಸದ ತಂಡ ನಡೆಸುವವರಿಗೆ ನಿಮ್ಮ ಕಡೆ ಏನಂತೀರಿ?

ಗೆಳೆಯರೇ,

ಬಾಗಿಲು, ಕಿಟಕಿ ಮಾಡುವ ಒಂದು ಕಾರ್ಖಾನೆಯವರು ಕೆಲಸದ ಜಾಹೀರಾತನ್ನು ಕನ್ನಡದಲ್ಲಿ ಬರೆದುಕೊಡಿ ಎಂದಿದ್ದರು. ಅದರಲ್ಲಿ ‘ಲೀಡ್ ಕಾರ್ಪೆಂಟರ್’ ಅಂತ ಇತ್ತು. ಆರು ಜನರಿಂದ ಕೆಲಸ ಮಾಡಿಸುವವರು. ನಾನು ‘ಹಿರಿಯ ಬಡಗಿ’ ಎಂದು ಬರೆದೆ. ಅಲ್ಲೇ ಕೀಸುತ್ತಿದ್ದ ಹುಡುಗನೊಬ್ಬ ಓದಿ ನಕ್ಕುಬಿಟ್ಟ. “ಹಿರಿಯ ಅಂದ್ರೆ ವಯಸ್ಸಾದೋರಾ ಸಾರ್? ನಮ್ ಮೇಸ್ತ್ರಿಗೆ ಇನ್ನೂ ಮೂವತ್ತೆರಡು.”

ಅವನು ಹೇಳಿದ್ದು ಸರಿ. ‘ಹಿರಿಯ’ ಹೊಂದುವುದಿಲ್ಲ. ಆಮೇಲೆ ನೋಡಿದರೆ ‘ಬಡಗಿ’ಯೂ ಅಷ್ಟೇನೂ ಹೊಂದುವುದಿಲ್ಲ. ಈ ಪದ ‘ಬಡಿ’ಯಿಂದ ಬಂತು ಎನ್ನಲು ಬಾಯಿ ತುರಿಸುತ್ತದೆ, ಆದರೆ ಇದು ಸಂಸ್ಕೃತದ ‘ವರ್ಧಕಿ’ ಪ್ರಾಕೃತದ ದಾರಿಯಲ್ಲಿ ಸವೆದು ಬಂದ ರೂಪ. ಹಿಂದಿಯ ‘ಬಢಯೀ’ ಇದರ ಒಡಹುಟ್ಟು. ಮಯಮತದಂಥ ಹಳೆಯ ವಾಸ್ತುಗ್ರಂಥಗಳಲ್ಲಿ ಕಟ್ಟುವ ಕೆಲಸಕ್ಕೆ ನಾಲ್ಕು ಜನ. ಎಲ್ಲ ಬಲ್ಲ ಸ್ಥಪತಿ, ದಾರ ಹಿಡಿದು ಅಳೆಯುವ ಸೂತ್ರಗ್ರಾಹಿ, ಕೊಯ್ದು ಕೆತ್ತುವ ತಕ್ಷಕ, ಕೊಯ್ದದ್ದನ್ನು ಜೋಡಿಸುವ ವರ್ಧಕಿ. ಅಂದರೆ ನಮ್ಮ ಬಡಗಿ ಆ ಸಾಲಿನಲ್ಲಿ ಯಜಮಾನನೇ ಅಲ್ಲ! ಜೋಡಿಸುವವನು ಅಷ್ಟೇ.

ಹಾಗಾದರೆ ಯಜಮಾನ ಏನು ಮಾಡುತ್ತಾನೆ? ನಾನು ಹತ್ತಿರದಿಂದ ನೋಡಿದ್ದು ಒಂದೇ ಸಲ. ತೀರ್ಥಹಳ್ಳಿ ಕಡೆ ಅಜ್ಜನ ಮನೆಯ ಮಾಡು ಬಿಚ್ಚಿ ಹೊಸದು ಹಾಕಿಸಿದಾಗ. ಆಚಾರ್ರು ಬೆಳಿಗ್ಗೆ ಬಂದವರು ಗರಗಸ ಮುಟ್ಟಲಿಲ್ಲ, ಉಳಿ ಮುಟ್ಟಲಿಲ್ಲ. ನೆಟ್ಟಗಿನ ಒಂದು ರೀಪು (ಹೆಂಚು ಕೂರಿಸುವ ಮರದ ಪಟ್ಟಿ) ಆರಿಸಿ, ನುಣ್ಣಗೆ ಕೀಸಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಪಕಾಸಿಗೂ ಪಕಾಸಿಗೂ (ಮಾಡಿನ ಇಳಿಜಾರಿನ ಮರಗಳು) ನಡುವೆ ಎಷ್ಟು ಜಾಗ, ಜೋಡಿಸಲು ಕೊರೆಯುವ ಕಚ್ಚು ಎಲ್ಲಿ, ಎಲ್ಲ ಅದರ ಮೇಲೇ. ಆ ದಿನ ಯಾರೂ ಟೇಪು ಹಿಡಿಯುವ ಹಾಗಿಲ್ಲ. ಒಬ್ಬೊಬ್ಬರೂ ಅವರವರ ಟೇಪಿನಲ್ಲಿ ಅಳೆದರೆ ಒಬ್ಬೊಬ್ಬರದೂ ಒಂದೊಂದು ನೂಲು ತಪ್ಪುತ್ತದೆ, ಇಪ್ಪತ್ತನೇ ಪಕಾಸಿಗೆ ಬರುವಷ್ಟರಲ್ಲಿ ಎರಡು ಬೆರಳು ಆಚೀಚೆ ಆಗಿರುತ್ತದೆ ಎಂದರು. ಇಂಚಿಗೆ ಎಂಟು ನೂಲು, ಗೊತ್ತಲ್ವಾ.

ಗುರುತು ಹಾಕುವವರು ಅವರೊಬ್ಬರೇ. ಉಳಿದ ನಾಲ್ವರು ಕೊಯ್ಯುವವರು. “ಗೆರೆ ಉಳಿಸಿ ಕೊಯ್ಯೋ” ಅಂದರೆ ಗರಗಸ ಗೆರೆಯ ಹೊರಗೆ. “ಗೆರೆ ತಿನ್ನು” ಅಂದರೆ ಗೆರೆಯೇ ಹುಡಿಯಾಗಬೇಕು. ರೀಪು ಹೊಡೆಯುವಾಗ ಅಳತೆಕೋಲೂ ಇಲ್ಲ, ಮಂಗಳೂರು ಹೆಂಚನ್ನೇ ಇಟ್ಟು ನೋಡುತ್ತಿದ್ದರು. ಹೆಂಚಿನ ಅಡಿಯ ಮೂಗು ರೀಪಿಗೆ ಕಚ್ಚಬೇಕು. ಕಚ್ಚದಿದ್ದರೆ ಮೊದಲ ಮಳೆಗೇ ಜಾರುತ್ತದೆ. ಒಂದು ತೊಲೆಯ ಗಂಟು ನೋಡಿ, “ಇದು ತಲೆ ಕೆಳಗಾಗಿ ಬರಲಿ” ಎಂದು ತಿರುಗಿಸಿ ಹಾಕಿಸಿದ್ದರು. ಸಂಜೆಯವರೆಗೂ ಅವರ ಕೈಗೆ ಹುಡಿ ಮೆತ್ತಿದ್ದು ನಾನು ಕಾಣಲಿಲ್ಲ.

ನಾವು ಅವರನ್ನು ಕರೆಯುತ್ತಿದ್ದದ್ದು ‘ಆಚಾರ್ರೇ’ ಎಂದು. ಹುಡುಗರು ‘ಮೇಸ್ತ್ರಿ’ ಎನ್ನುತ್ತಿದ್ದರು. ಆಚಾರಿ ಆಚಾರ್ಯದಿಂದ ಬಂತು. ಮೇಸ್ತ್ರಿ ಪೋರ್ಚುಗೀಸಿನ ‘ಮೆಸ್ತ್ರೆ’, ಅದರ ಮೂಲ ಲ್ಯಾಟಿನ್ನಿನ ‘ಮಗಿಸ್ತೆರ್’. ಅಲ್ಲೂ ಅರ್ಥ ಗುರು, ಒಡೆಯ. ಇಂಗ್ಲಿಷಿನ ಮಾಸ್ಟರ್ ಅದೇ ಬೇರಿನದು, ಹಾಗಾಗಿ ನಮ್ಮ ಶಾಲೆಯ ಮೇಷ್ಟ್ರೂ ಮನೆ ಕಟ್ಟುವ ಮೇಸ್ತ್ರಿಯೂ ದೂರದ ನೆಂಟರು. ಇನ್ನು ಹಳೆಗನ್ನಡದ ‘ಓಜ’. ಇದು ಉಪಾಧ್ಯಾಯದಿಂದ ಸವೆದದ್ದು. 1117ರ ಬೇಲೂರಿನ ಗುಡಿಯಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜನ ಹೆಸರಿನ ಬಾಲದಲ್ಲಿ ಇರುವುದು ಇದೇ ಓಜ. ಓಜ, ಆಚಾರಿ, ಮೇಸ್ತ್ರಿ ಮೂರೂ ಬೇರೆ ಬೇರೆ ಕಡೆಯಿಂದ ಬಂದವು, ಮೂರರ ಅಡಿಯಲ್ಲೂ ಕಲಿಸುವವನೇ ಕೂತಿದ್ದಾನೆ. ನನಗೆ ಖುಷಿ ಕೊಟ್ಟದ್ದು ಇದು.

(ಸುಮ್ನೆ ಒಂದು ಮಾತು: ‘ಆರ್ಕಿಟೆಕ್ಟ್’ನ ಮೂಲ ಗ್ರೀಕಿನ ‘ಅರ್ಖಿತೆಕ್ತೊನ್’. ‘ತೆಕ್ತೊನ್’ ಎಂದರೆ ಬಡಗಿ, ನಮ್ಮ ‘ತಕ್ಷಕ’ನ ಬಳಗದ ಪದ. ಅಂದರೆ ಪದದ ಲೆಕ್ಕದಲ್ಲಿ ಆರ್ಕಿಟೆಕ್ಟೇ ಲೀಡ್ ಕಾರ್ಪೆಂಟರು! ಇದನ್ನು ನಮ್ಮ ಮನೆಯ ಆರ್ಕಿಟೆಕ್ಟಿಗೆ ಇನ್ನೂ ಹೇಳಿಲ್ಲ.)

ಆದರೂ ಜಾಹೀರಾತಿಗೆ ಯಾವುದು? ‘ಓಜ’ ಈಗ ಯಾರಿಗೂ ತಿಳಿಯದು. ‘ಆಚಾರಿ’ ಗೌರವದ ಮಾತೇ, ಆದರೆ ಜಾತಿಗೆ ಅಂಟಿಕೊಂಡಿದೆ. ಉತ್ತರ ಕರ್ನಾಟಕದ ‘ಬಡಿಗೇರ’ ಅಡ್ಡಹೆಸರಾಗಿ ಹೋಗಿದೆ. ಈ ಕಾರ್ಖಾನೆಯಲ್ಲಿ ಎಲ್ಲ ಊರಿನ, ಎಲ್ಲ ಮನೆಯ ಹುಡುಗರಿದ್ದಾರೆ. ‘ಮುಖ್ಯ ಬಡಗಿ’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ. ನನ್ನ ಮನಸ್ಸು ಮೇಸ್ತ್ರಿಯ ಕಡೆಗೇ ವಾಲುತ್ತಿದೆ. ತೊಡಕು ಒಂದೇ, ಬೆಂಗಳೂರಿನಲ್ಲಿ ಬರೀ ‘ಮೇಸ್ತ್ರಿ’ ಎಂದರೆ ಗಾರೆ ಕೆಲಸದವರು ಬಂದು ನಿಲ್ಲುತ್ತಾರೆ. ಕಾಫಿ ತೋಟದಲ್ಲಾದರೆ ಆಳುಗಳನ್ನು ನೋಡಿಕೊಳ್ಳುವವರು. ಅದಕ್ಕೇ ‘ಮರಗೆಲಸದ ಮೇಸ್ತ್ರಿ’ ಎಂದು ತಿದ್ದಿ ಇಟ್ಟಿದ್ದೇನೆ. ಉದ್ದವಾಯಿತಾ?

ಇನ್ನೊಂದು ಪ್ರಶ್ನೆಯೂ ಇದೆ. ಮೇಸ್ತ್ರಿಯ ಕೈಕೆಳಗೆ ಅಳತೆ ನೋಡಿಕೊಳ್ಳುವ ಎರಡನೆಯವನು, ಆ ಹಳೆಯ ಸೂತ್ರಗ್ರಾಹಿ, ಅವನಿಗೆ ನಿಮ್ಮ ಕಡೆ ಹೆಸರಿದೆಯಾ? ಈ ಕಾರ್ಖಾನೆಯಲ್ಲಿ ಆ ಕೆಲಸ ರಾಜಸ್ಥಾನದ ಒಬ್ಬನದು. ಅಡ್ಡಹೆಸರು ಸುಥಾರ್, ಅಂದರೆ ಸೂತ್ರಧಾರ. ಅವನು “ದೋ ಸೂತ್” ಎಂದು ಕೂಗಿದರೆ ಇತ್ತ ನಮ್ಮ ಹುಡುಗ ಹಲಗೆಯ ಮೇಲೆ ‘2 ನೂಲು’ ಎಂದು ಬರೆದುಕೊಳ್ಳುತ್ತಾನೆ. ಇಬ್ಬರದೂ ಒಂದೇ ದಾರ. ಹುಬ್ಬಳ್ಳಿ, ಬೀದರ್, ಮಂಗಳೂರು, ಕಾಸರಗೋಡು ಕಡೆಯವರು ಇವನನ್ನು ಏನೆಂದು ಕರೆಯುತ್ತೀರಿ, ದಯವಿಟ್ಟು ಬರೆಯಿರಿ. ಜಾಹೀರಾತು ಸೋಮವಾರ ಅಚ್ಚಿಗೆ ಹೋಗುತ್ತದೆ.