ವನುವಾಟು ಚರ್ಚ್‌ಗಳಿಗೆ ನೆರವು: ತಂಡ ಕಟ್ಟಿಕೊಂಡು ಹೋಗುವುದಾ, ದುಡ್ಡು ಕಳಿಸುವುದಾ?

ಉಡುಪಿ_ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚ್ ಬಳಗದಲ್ಲಿ, ಬೆಳೆದವಳು. ಈಗ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಸುತ್ತ ಎಲ್ಲಾ ಕಬ್ಬು, ತರಕಾರಿ, ಹಣ್ಣಿನ ತೋಟ. ಕೊಯ್ಲಿನ ಕೆಲಸಕ್ಕೆ ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವಿನಿಂದ ತುಂಬಾ ಜನ ಬರುತ್ತಾರೆ, ಹಾಗಾಗಿ ಭಾನುವಾರದ ಆರಾಧನೆಯಲ್ಲಿ ಅವರದೇ ದೊಡ್ಡ ಗುಂಪು.

2024ರ ಡಿಸೆಂಬರ್ 17ರಂದು ಅಲ್ಲಿ 7.3 ತೀವ್ರತೆಯ ಭೂಕಂಪ ಆಯಿತಲ್ಲ, ರಾಜಧಾನಿ ಪೋರ್ಟ್ ವಿಲಾದಲ್ಲಿ 14 ಜನ ತೀರಿಕೊಂಡರು. ಆಮೇಲಿಂದ ನಮ್ಮ ಸಭೆಯಲ್ಲಿ ಒಂದು ತಂಡ ಕಳಿಸುವ ಮಾತು ನಡೀತಾ ಇದೆ. ಎಫಾಟೆ ದ್ವೀಪದ ಒಂದು ಹಳ್ಳಿಗೆ ಹೋಗಿ ಎರಡು ವಾರ ಇದ್ದು ಚರ್ಚ್‌ಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ಬೈಬಲ್ ಕಥೆ, ಆಟ, ಜೊತೆಗೆ ಬಟ್ಟೆ ಹಂಚುವುದು. ನನಗೆ ಹೋಗಲು ಮನಸ್ಸಿದೆ. ನಮ್ಮ ಮನೆಯವರು ಮಾತ್ರ ಟಿಕೆಟ್ ದುಡ್ಡನ್ನೇ ಕಳಿಸಿದರೆ ಹೆಚ್ಚು ಉಪಯೋಗ ಅಲ್ವಾ ಅನ್ನುತ್ತಾರೆ. ಮಿಷನರಿಗಳು ಅಲ್ಲಿನ ಸಂಸ್ಕೃತಿಯನ್ನೇ ಹಾಳು ಮಾಡಿದರು, ಮತ್ತೆ ನೀವು ಬೇರೆ ಯಾಕೆ ಅಂತ ಆಸ್ಪತ್ರೆಯ ಗೆಳತಿಯೊಬ್ಬಳು ಕೇಳಿದಳು, ಅದೂ ತಲೆಯಲ್ಲಿ ಕೊರೆಯುತ್ತಿದೆ. ಅಲ್ಲಿನ ಸಭೆಗಳಿಗೆ, ಕುಟುಂಬಗಳಿಗೆ ನಿಜವಾಗಿ ಏನು ಬೇಕು? ಗೊತ್ತಿದ್ದವರು ಹೇಳಿ.

ಹಳೇ_ಮೇಷ್ಟ್ರು

ಮೇಡಂ, ನಾನು ಕೆಲವು ವರ್ಷ ವನುವಾಟುವಿನಲ್ಲಿ ಚರ್ಚ್ ನಡೆಸುವ ಶಾಲೆಯೊಂದರಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ. ನಿಮ್ಮ ಮನಸ್ಸು ಒಳ್ಳೆಯದು, ಆದರೆ ಈ ಯೋಜನೆ ಯಾರು ಮಾಡಿದ್ದು? ಆ ಹಳ್ಳಿಯ ಹಿರಿಯರು ಕೇಳಿದರಾ, ಅಥವಾ ನಿಮ್ಮ ಸಮಿತಿಯೇ ಕೂತು ಬರೆದದ್ದಾ? ಮೊದಲು ಇದು ಗೊತ್ತಾಗಬೇಕು.

ಅಲ್ಲಿ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೊಸದೇನಲ್ಲ. ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದ ಸಭೆಯೇ ಎಲ್ಲಕ್ಕಿಂತ ದೊಡ್ಡದು, ಅದು 1948ರಿಂದ ತನ್ನ ಕಾಲ ಮೇಲೆ ತಾನು ನಿಂತಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದೇ 1980ರ ಜುಲೈ 30ಕ್ಕೆ, ಅಂದರೆ ದೇಶಕ್ಕಿಂತ ಮೊದಲೇ ಸಭೆ ಸ್ವತಂತ್ರವಾಗಿತ್ತು. ಮೊದಲ ಪ್ರಧಾನಿ ವಾಲ್ಟರ್ ಲಿನಿ ಆಂಗ್ಲಿಕನ್ ಪಾದ್ರಿ. ಪ್ರೆಸ್ಬಿಟೇರಿಯನ್ ಸಭೆಯ ಪಾಸ್ಟರುಗಳು ಸಾಂಟೋ ದ್ವೀಪದ ತಲುವಾದಲ್ಲಿ ತರಬೇತಿ ಪಡೆಯುತ್ತಾರೆ. ಬೈಬಲ್ ಕಥೆ ಹೇಳಲು ಆ ಹಳ್ಳಿಯಲ್ಲೇ ಸಂಡೇ ಸ್ಕೂಲ್ ಟೀಚರ್‌ಗಳಿದ್ದಾರೆ, ಬಣ್ಣ ಹೊಡೆಯಲು ಗಟ್ಟಿಮುಟ್ಟಾದ ಹುಡುಗರೂ ಇದ್ದಾರೆ. ಇಲ್ಲದಿರುವುದು ಬಣ್ಣ, ಸಿಮೆಂಟು, ತಗಡಿನ ಶೀಟು. ಎಲ್ಲವೂ ಹಡಗಿನಲ್ಲಿ ಬರಬೇಕು, ಹೊರಗಿನ ದ್ವೀಪಗಳಿಗೆ ಇನ್ನೊಂದು ಸಣ್ಣ ಹಡಗು ಹತ್ತಬೇಕು, ಹಾಗಾಗಿ ಬೆಲೆ ಜಾಸ್ತಿ.

ಬಟ್ಟೆ ಮಾತ್ರ ದಯವಿಟ್ಟು ಬೇಡ. 2015ರ ಮಾರ್ಚ್‌ನಲ್ಲಿ ಪ್ಯಾಮ್ ಚಂಡಮಾರುತ ಹೊಡೆದಾಗ ಹೊರದೇಶದ ಜನ ಯಾರೂ ಕೇಳದೇ ಕಂಟೇನರ್ ಮೇಲೆ ಕಂಟೇನರ್ ಕಳಿಸಿದರು. ಕೆಲವು ತಿಂಗಳುಗಟ್ಟಲೆ ಬಂದರಿನಲ್ಲೇ ಉಳಿದವು, ಅದರೊಳಗಿದ್ದ ಎಷ್ಟೋ ಆಹಾರದ ಅವಧಿ ಮುಗಿದುಹೋಯಿತು, ಮೇಲಿಂದ ಬಂದರಿನ ಬಾಡಿಗೆ ಬೇರೆ ಏರುತ್ತಾ ಹೋಯಿತು.

ಚಂಡಮಾರುತ ಅಲ್ಲಿ ಎಂದೋ ಒಮ್ಮೆ ಬರುವುದಲ್ಲ. 2020ರ ಏಪ್ರಿಲ್‌ನಲ್ಲಿ ಹೆರಾಲ್ಡ್, 2023ರ ಮಾರ್ಚ್‌ನಲ್ಲಿ ಜೂಡಿ, ಕೆವಿನ್ ಎರಡೂ ಒಂದೇ ವಾರದಲ್ಲಿ. ಗಾಳಿ ಎದ್ದಾಗ ಎಷ್ಟೋ ಹಳ್ಳಿಗಳಲ್ಲಿ ಜನ ಓಡುವುದು ಚರ್ಚ್‌ಗೆ ಇಲ್ಲಾ ಶಾಲೆಗೆ. ಆದ್ದರಿಂದ ಚರ್ಚ್ ಗೋಡೆಯ ಬಣ್ಣಕ್ಕಿಂತ ಅದರ ಮಾಡು (ಛಾವಣಿ) ಗಟ್ಟಿಯಾಗಿದೆಯಾ, ಪಕ್ಕದಲ್ಲಿ ಮಳೆನೀರಿನ ಟ್ಯಾಂಕು ಇದೆಯಾ, ಅದನ್ನು ಕೇಳಿ. ನಿಮ್ಮ ತಂಡದಲ್ಲಿ ಬಡಗಿ ಇದ್ದರೆ, ಮಾಡನ್ನು ಗಾಳಿಗೆ ಹಾರದ ಹಾಗೆ ಕಟ್ಟುವುದು ಗೊತ್ತಿದ್ದರೆ, ಅಂಥವರು ಹೋಗಿ ಅಲ್ಲಿನ ಹುಡುಗರ ಜೊತೆ ಸೇರಿ ಕೆಲಸ ಮಾಡಲಿ. ಅಂಥ ನೆರವನ್ನು ಅವರು ತುಂಬಾ ಸಂತೋಷದಿಂದ ತಗೊಳ್ಳುತ್ತಾರೆ.

ತುಂಗಾತೀರ

ನಿಮ್ಮ ಗೆಳತಿಯ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಬೇಡಿ. ನಾನು ಕ್ರೈಸ್ತನಲ್ಲ, ಆದರೆ ಪೆಸಿಫಿಕ್ ಇತಿಹಾಸ ಓದುವ ಹುಚ್ಚು ನನಗಿದೆ. ಜಾನ್ ಗೆಡ್ಡಿ ಎಂಬ ಕೆನಡಾದ ಮಿಷನರಿ 1848ರಲ್ಲಿ ಅನೈಟ್ಯುಮ್ ದ್ವೀಪಕ್ಕೆ ಬಂದರು. ಅವರಿದ್ದಾಗ ದ್ವೀಪದ ಬಹುತೇಕ ಎಲ್ಲರೂ ಕ್ರೈಸ್ತರಾದರು, ನಿಜ. ಆದರೆ ಅದೇ ಕಾಲಕ್ಕೆ ಹೊರಗಿನವರ ಹಡಗುಗಳ ಜೊತೆ ರೋಗಗಳೂ ಬಂದವು. 1861ರಲ್ಲಿ ದಡಾರ ಬಂದು ಆ ದ್ವೀಪದ ಸುಮಾರು ಮೂರನೇ ಒಂದು ಪಾಲು ಜನ ಸತ್ತರು. ಅವರ ಮೈಯಲ್ಲಿ ಆ ರೋಗಕ್ಕೆ ತಡೆಯೇ ಇರಲಿಲ್ಲ. ಎಷ್ಟು ಮನೆಗಳಲ್ಲಿ ದೀಪ ಹಚ್ಚುವವರೂ ಉಳಿಯಲಿಲ್ಲವೋ, ಓದಿದರೆ ಸಂಕಟ ಆಗುತ್ತದೆ.

ತಾನ್ನಾ ದ್ವೀಪದಲ್ಲಿ ಮಿಷನ್ ನಾಯಕರು ಕಾವಾ (ಬೇರಿನಿಂದ ಮಾಡುವ ಮತ್ತಿನ ಪಾನೀಯ) ಕುಡಿಯಬಾರದು, ಕುಣಿಯಬಾರದು, ಹಳೇ ಪದ್ಧತಿ ಬಿಡಿ ಅಂತ ನಿಯಮ ಹಾಕಿದರು. ಕೊನೆಗೆ 1941ರಲ್ಲಿ ಜನ ಗುಂಪುಗುಂಪಾಗಿ ಚರ್ಚ್ ಬಿಟ್ಟು ಜಾನ್ ಫ್ರಮ್ ಎಂಬ ದೈವಪುರುಷನನ್ನು ನಂಬುವ ಚಳವಳಿ ಸೇರಿದರು. ಈಗಲೂ ಫೆಬ್ರವರಿ 15ರಂದು ಅವರ ಹಬ್ಬ ನಡೆಯುತ್ತದೆ. ಬಲವಂತ ಮಾಡಿದರೆ ಹೀಗೇ ಆಗುವುದು. ನೀವು ಹೋಗುವುದಾದರೆ ಅಲ್ಲಿನ ಕಸ್ಟಮ್‌ಗೆ, ಅಂದರೆ ಅವರ ಹಿರಿಯರ ಕಟ್ಟಳೆಗೆ ಮರ್ಯಾದೆ ಕೊಟ್ಟು ಹೋಗಿ. ನನ್ನ ಆಸೆ ಇಷ್ಟೇ.

ಹಳೇ_ಮೇಷ್ಟ್ರು

ತುಂಗಾತೀರ ಅವರೇ, ನೀವು ಹೇಳಿದ್ದು ಸತ್ಯ, ಅದನ್ನು ನಾವು ಕ್ರೈಸ್ತರೇ ಮೊದಲು ಹೇಳಬೇಕು. ಆದರೆ ಇನ್ನೊಂದು ಮಾತು ಸೇರಿಸುತ್ತೇನೆ. ಅಲ್ಲಿ ಸುವಾರ್ತೆ ಹಬ್ಬಿಸಿದವರಲ್ಲಿ ಬಿಳಿಯರಷ್ಟೇ ಇರಲಿಲ್ಲ. ಗೆಡ್ಡಿಗಿಂತ ಮೊದಲೇ, 1839ರಿಂದಲೇ, ಸಮೋವಾದ ಬೋಧಕರು ಆ ದ್ವೀಪಗಳಿಗೆ ಬಂದಿದ್ದರು. ಜ್ವರಕ್ಕೆ ಅವರಲ್ಲಿ ಎಷ್ಟೋ ಜನ ಬಲಿಯಾದರು, ಅವರ ಹೆಸರು ಹೇಳುವವರು ಕಡಿಮೆ. ಅನೈಟ್ಯುಮ್ ಜನ ತಮ್ಮ ಭಾಷೆಯ ಬೈಬಲ್ ಅಚ್ಚಾಗಲಿ ಅಂತ ಆರಾರೂಟ್ ಬೆಳೆದು, ಹಿಟ್ಟು ಮಾಡಿ, ಮಾರಿ, ಆ ದುಡ್ಡನ್ನು ತಾವೇ ಕಟ್ಟಿದರು. ಆ ಧರ್ಮ ಅವರದೇ ಆಗಿದ್ದು ಹೀಗೆ.

ಎರ್ರೊಮಾಂಗೊದಲ್ಲಿ 1839ರಲ್ಲಿ ಜಾನ್ ವಿಲಿಯಮ್ಸ್ ಎಂಬ ಮಿಷನರಿಯನ್ನು ಕೊಂದಿದ್ದರು. 170 ವರ್ಷ ಆದ ಮೇಲೆ, 2009ರಲ್ಲಿ, ಆ ದ್ವೀಪದವರು ವಿಲಿಯಮ್ಸ್ ವಂಶದವರನ್ನು ಕರೆಸಿ ತಮ್ಮ ಪದ್ಧತಿಯ ಪ್ರಕಾರವೇ ರಾಜಿ ಮಾಡಿಕೊಂಡರು. ಕಸ್ಟಮ್, ಚರ್ಚ್ ಎರಡೂ ಒಂದೇ ಅಂಗಳದಲ್ಲಿ ಕೂತವು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಸೀತಕ್ಕ_ಬ್ರಿಸ್ಬೇನ್

ತಂಗೀ, ನೀನು ವಿಮಾನ ಹತ್ತುವ ಮೊದಲು ನಿನ್ನ ಊರನ್ನೇ ಒಂದು ಸಲ ನೋಡು. 1863ರಿಂದ 1904ರವರೆಗೆ ಸುಮಾರು 62 ಸಾವಿರ ದ್ವೀಪವಾಸಿಗಳನ್ನು, ಹೆಚ್ಚಿನವರು ವನುವಾಟು, ಸಾಲೊಮನ್ ದ್ವೀಪಗಳ ಕಡೆಯವರು, ನಿಮ್ಮ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಬ್ಬಿನ ಗದ್ದೆಗಳಿಗೆ ತಂದರು. ಕೆಲವರನ್ನು ಮೋಸ ಮಾಡಿ, ಕೆಲವರನ್ನು ಹಿಡಿದೇ ತಂದರು. ನಿಮ್ಮ ಬಂಡಬರ್ಗ್ ಪಕ್ಕದ ಫೇರಿಮೀಡ್ ತೋಟದಲ್ಲಿ 1886ರಲ್ಲಿ ಫ್ಲಾರೆನ್ಸ್ ಯಂಗ್ ಎಂಬ ಹೆಂಗಸು ಆ ಕೂಲಿಗಳಿಗೆ ಓದು ಬರಹ, ಬೈಬಲ್ ಹೇಳಿಕೊಡಲು ಶುರು ಮಾಡಿದರು. ಅಲ್ಲಿ ಕಲಿತು ಊರಿಗೆ ಮರಳಿದವರೇ ಸಾಲೊಮನ್‌ನ ಮಲೈಟಾದಲ್ಲಿ ಸಭೆ ಕಟ್ಟಿದರು.

ಈಗಲೂ ಅದೇ ಗದ್ದೆಗೆ ಅವರೇ ಬರುತ್ತಿದ್ದಾರೆ, ಈಗ ವೀಸಾ, ಒಪ್ಪಂದ ಎಲ್ಲಾ ಇದೆ ಅನ್ನುವುದು ಬೇರೆ. ಗಂಡ ತಿಂಗಳುಗಟ್ಟಲೆ ಇಲ್ಲಿರುತ್ತಾನೆ. ಅಲ್ಲಿ ಹೆಂಡತಿ ಒಬ್ಬಳೇ ಗೆಣಸಿನ ತೋಟ, ಮಕ್ಕಳು, ಅತ್ತೆ ಮಾವ, ಸಭೆಯ ಕೆಲಸ ಎಲ್ಲಾ ನೋಡಬೇಕು. ಬರುವ ದುಡ್ಡಿನಿಂದ ಶಾಲೆ ಫೀಸು ಕಟ್ಟುತ್ತಾರೆ, ಸಿಮೆಂಟಿನ ಮನೆ ಏಳುತ್ತದೆ, ಒಳ್ಳೆಯದೇ. ಆದರೆ ಕೆಲವು ಮನೆ ಒಡೆಯುತ್ತದೆ ಕೂಡ, ಅಪ್ಪನ ಮುಖವೇ ಮರೆತ ಮಕ್ಕಳಿದ್ದಾರೆ. ನೀನು ನರ್ಸ್. ನಿಮ್ಮ ಚರ್ಚ್‌ಗೆ ಬರುವ ಹುಡುಗರಿಗೆ ಬಿಪಿ, ಶುಗರ್ ನೋಡು, ಬೆನ್ನು ನೋವು ಅಂದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು, ವಿಮೆ ಕಾಗದ ಅರ್ಥ ಮಾಡಿಸು, ಸಂಬಳದ ಚೀಟಿಯಲ್ಲಿ ಏನೇನು ಕಡಿತ ಆಗಿದೆ ಅಂತ ಕೂತು ಓದಿ ಹೇಳು. ಅವರ ಮನೆಗೆ ಇದಕ್ಕಿಂತ ಹತ್ತಿರದ ಸಹಾಯ ಬೇರೆ ಯಾವುದಿದೆ?

ಉಡುಪಿ_ನರ್ಸ್

ಸೀತಕ್ಕಾ, ಮೇಷ್ಟ್ರೇ, ತುಂಗಾತೀರ ಅವರೇ, ತುಂಬಾ ಥ್ಯಾಂಕ್ಸ್. ಫೇರಿಮೀಡ್ ಇಲ್ಲೇ ಹತ್ತಿರ, ಈ ಕಥೆ ನಮ್ಮ ಸಭೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ನಿನ್ನೆ ಆರಾಧನೆ ಮುಗಿದ ಮೇಲೆ ಆ ಹಳ್ಳಿಯ ಕಡೆಯವರೇ ಆದ ಒಬ್ಬ ಅಣ್ಣನನ್ನು ಕೇಳಿದೆ. ಅವರು ಅಲ್ಲಿನ ಹಿರಿಯರಿಗೆ ಫೋನ್ ಮಾಡಿಕೊಟ್ಟರು. ಅವರಿಗೆ ಬೇಕಿರುವುದು ನೀರಿನ ಟ್ಯಾಂಕು, ಆಮೇಲೆ ಹೈಸ್ಕೂಲಿಗೆ ಹೋಗುವ ಕೆಲವು ಮಕ್ಕಳ ಫೀಸು. ಸಮಿತಿಯಲ್ಲಿ ಬಟ್ಟೆ ಸಂಗ್ರಹ ನಿಲ್ಲಿಸಿ ಅಂತ ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ. ತಂಡದಲ್ಲಿ ಬಡಗಿ ಕೆಲಸ ಬಲ್ಲವರು ಇಬ್ಬರಿದ್ದಾರೆ, ಹಿರಿಯರು ಕರೆದರೆ ಅವರು ಹೋಗಲಿ. ನಾನು ಈ ಸೀಸನ್ ಇಲ್ಲೇ ಇದ್ದು, ಭಾನುವಾರ ಮಧ್ಯಾಹ್ನ ಚರ್ಚ್ ಹಾಲ್‌ನಲ್ಲಿ ಆರೋಗ್ಯ ತಪಾಸಣೆ ಶುರು ಮಾಡಬೇಕು ಅಂತಿದ್ದೇನೆ.

ಮೇಷ್ಟ್ರೇ, ಒಂದೇ ತೊಂದರೆ. ಕೆಲವರಿಗೆ ಇಂಗ್ಲಿಷ್ ಕಷ್ಟ, ನೋವು ಎಲ್ಲಿ ಅಂತ ಹೇಳಲೂ ನಾಚಿಕೆ ಪಡುತ್ತಾರೆ. ಅವರ ಬಿಸ್ಲಾಮಾ ಭಾಷೆ ಕಲಿಯಲು ಎಲ್ಲಿಂದ ಶುರು ಮಾಡಲಿ?

ಹಳೇ_ಮೇಷ್ಟ್ರು

ಬಿಸ್ಲಾಮಾದಲ್ಲಿ ಪೂರ್ತಿ ಬೈಬಲ್ 1998ರಲ್ಲೇ ಬಂದಿದೆ. ಮಾರ್ಕನ ಸುವಾರ್ತೆಯನ್ನು ಪಕ್ಕದಲ್ಲಿ ಕನ್ನಡ ಬೈಬಲ್ ಇಟ್ಟುಕೊಂಡು ಜೋರಾಗಿ ಓದಿ, ಬಹುಪಾಲು ಪದ ಇಂಗ್ಲಿಷ್‌ನಿಂದ ಬಂದವೇ, ಬೇಗ ಹತ್ತುತ್ತದೆ. ಮೈಕೈ ಭಾಗಗಳ ಹೆಸರು, ಜ್ವರ, ನೋವು, ಔಷಧಿ ಇಂಥ ಪದಗಳನ್ನು ಆ ಅಣ್ಣನ ಹತ್ತಿರವೇ ಬರೆಸಿಕೊಳ್ಳಿ. ಹೆಂಗಸರ ತೊಂದರೆ ಕೇಳುವಾಗ ಗಂಡಸರನ್ನು ಹೊರಗೆ ಕಳಿಸಿ, ಅವರಲ್ಲೇ ಹಿರಿಯ ಹೆಂಗಸೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.