ಮಲೆನಾಡಿನ ಮಳೆಯಲ್ಲಿ ಗಿಟಾರಿಗೆ ಲ್ಯಾಕರ್: ಮೇಲೆಲ್ಲ ಬೆಳ್ಳಗಾಗುತ್ತಿದೆ, ಏನು ಮಾಡಲಿ?

ತಂತಿಮರ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಕಟ್ಟುತ್ತಿದ್ದೇನೆ. ಟೆಲಿಕ್ಯಾಸ್ಟರ್ ಆಕಾರ. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರವನ್ನು ಸಾಮಿಲ್‌ನಲ್ಲಿ ಕೊಯ್ಸಿ, ಹಲಗೆಗಳನ್ನು ಅಟ್ಟದ ಮೇಲೆ ಒಣಗಲು ಇಟ್ಟಿದ್ದೆವು. ಅದರಲ್ಲಿ ಎರಡನ್ನು ಅಂಟಿಸಿ 45 ಮಿಲಿಮೀಟರ್ ದಪ್ಪದ ಮೈ ಕೊರೆದಾಗಿದೆ. ನೆಕ್ ಮಾತ್ರ ಮೇಪಲ್‌ನದ್ದು, ರೆಡಿಮೇಡ್ ತರಿಸಿದ್ದು.

ಈ ಮರದಲ್ಲಿ ಬೆಳಕು ಬಿದ್ದ ಕಡೆ ಮಿನುಗುವ ಚಕ್ಕೆಗಳಿವೆ ಅಲ್ವಾ, ಅವು ಕಾಣಲೇಬೇಕು ಅಂತ ನನ್ನ ಆಸೆ. ಹಾಗಾಗಿ ಬಣ್ಣ ಬೇಡ, ಬರೀ ಪಾರದರ್ಶಕ ಪಾಲಿಶ್. ಉಳಿದಿದ್ದ ತುಂಡಿನ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಸ್ಪ್ರೇ ಮಾಡಿ ನೋಡಿದೆ. ಹೊಡೆದಾಗ ಗಾಜಿನಷ್ಟು ತಿಳಿಯಾಗಿತ್ತು, ಸ್ವಲ್ಪ ಹೊತ್ತಿಗೆ ಮೇಲೆಲ್ಲ ಬೆಳ್ಳಗಾಯಿತು. ಪೇಂಟ್ ಅಂಗಡಿಯವರು ಥಿನ್ನರ್ ಜಾಸ್ತಿ ಹಾಕಿ ಅಂತಾರೆ. ನಮ್ಮ ಮನೆ ಕೆಲಸಕ್ಕೆ ಬರುವ ಆಚಾರ್ರು ದೀಪಾವಳಿವರೆಗೆ ಮುಟ್ಟಬೇಡ ಅಂತಾರೆ. ಇಲ್ಲಿ ಮಳೆ ಹಿಡಿದು ಕೂತಿದೆ. ಈಗಲೇ ಮುಗಿಸುವ ದಾರಿ ಏನಾದರೂ ಇದೆಯಾ?

ಗೇರ್‌ಬಾಕ್ಸ್, ಚಿಕ್ಕಮಗಳೂರು

ನಾನು ಕಾರ್ ಪೇಂಟಿಂಗ್ ಕಡೆಯವನು. ಮಳೆಗಾಲಕ್ಕೆ ರಿಟಾರ್ಡರ್ ಥಿನ್ನರ್ ಅಂತ ಬೇರೆಯೇ ಬರುತ್ತದೆ, ನಿಧಾನಕ್ಕೆ ಆರುತ್ತದೆ. ಅದನ್ನು ಸ್ವಲ್ಪ ಬೆರೆಸಿ ಹೊಡೆದರೆ ಬೆಳ್ಳಗಾಗುವುದು ಕಡಿಮೆಯಾಗುತ್ತದೆ. ಆ ತುಂಡನ್ನು ಎಸೆಯಬೇಡಿ. ಮೇಲೆ ಬರೀ ರಿಟಾರ್ಡರ್ ಮಂಜಿನಂತೆ ತೆಳ್ಳಗೆ ಒಂದು ಕೈ ಹೊಡೆದು ನೋಡಿ, ಎಷ್ಟೋ ಸಲ ಮಬ್ಬು ಬಿಟ್ಟುಹೋಗುತ್ತದೆ.

ಉಳಿಬಾಯಿ, ಹಾಸನ

ಮೇಲಿನವರು ಹೇಳಿದ್ದು ಸರಿ. ಆದರೆ ಮೂಡಿಗೆರೆಯ ಆಷಾಢಕ್ಕೆ ರಿಟಾರ್ಡರ್ ಕೂಡ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಲ್ಯಾಕರಿನಲ್ಲಿರುವ ಥಿನ್ನರ್ ಭರ್ರನೆ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮೈ ತಣ್ಣಗಾದ ತಕ್ಷಣ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಆ ನೀರು ಆರದ ಲ್ಯಾಕರಿನೊಳಗೆ ಸಿಕ್ಕಿಕೊಂಡರೆ ಬಿಳಿ ಮಬ್ಬು. ಅಂದಮೇಲೆ ಬೇಗ ಆರುವ ಮಾಮೂಲಿ ಥಿನ್ನರ್ ಜಾಸ್ತಿ ಹಾಕಿದರೆ ಮೈ ಇನ್ನೂ ತಣ್ಣಗಾಗುತ್ತದೆ, ಮಬ್ಬು ಇನ್ನೂ ಹೆಚ್ಚಾಗುತ್ತದೆ. ಅಂಗಡಿಯವರ ಮಾತು ಬೇಸಿಗೆಗೆ ಸರಿ, ಈಗಲ್ಲ.

1950ರ ದಶಕದ ಗಿಟಾರುಗಳ ಮೇಲೆ ಇದೇ ನೈಟ್ರೋ ಲ್ಯಾಕರ್ ಇತ್ತು ಅಂತ ಎಲ್ಲರೂ ಅದನ್ನೇ ಹುಡುಕುತ್ತಾರೆ. ಟೆಲಿಕ್ಯಾಸ್ಟರ್ ಮಾಡುವ ಫೆಂಡರ್ ಕಂಪನಿಯ ಕಾರ್ಖಾನೆ ಆಗ ಇದ್ದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ. ಅದು ಒಣ ಹವೆಯ ಊರು. ಕಾರಿಗೆ ಹೊಡೆಯುವ ಲ್ಯಾಕರ್ ಅವರಿಗೆ ಸುಲಭವಾಗಿ ಸಿಗುತ್ತಿತ್ತು, ಬೇಗ ಆರುತ್ತಿತ್ತು, ಬಳಸಿದರು. ನಮ್ಮ ಹವೆಗೆ ನಮ್ಮ ದಾರಿ ಇರಬೇಕು. ನಾನು ಹೇಳುವುದು ಅರಗಿನ (ಶೆಲ್ಲಾಕ್) ಪಾಲಿಶ್. ಹಳೆಯ ಮನೆಗಳ ಬೀಟೆ ಮಂಚ, ಕುರ್ಚಿಗೆಲ್ಲ ನಮ್ಮ ಆಚಾರ್ರು ಕೈಯಲ್ಲಿ ಉಜ್ಜಿ ಹಾಕುತ್ತಿದ್ದ ಫ್ರೆಂಚ್ ಪಾಲಿಶ್ ಇದೇ.

ಅದಕ್ಕಿಂತ ಮೊದಲು ಮರದ ತೇವ ಒಂದು ಹದಕ್ಕೆ ನಿಂತಿದೆಯಾ ನೋಡಿ. ಕಾಫಿ ಬೀಜದ ತೇವ ಅಳೆಯುವ ಮೀಟರ್ ಮರಕ್ಕೆ ಆಗುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಆ ಅಳತೆಯ ಸಿಲ್ವರ್ ಓಕ್ ಮೈ ಎರಡೂಕಾಲು ಕೆಜಿ ಆಸುಪಾಸು ತೂಗಬೇಕು. ಅಷ್ಟು ಮರದಲ್ಲಿ ಒಂದು ಪರ್ಸೆಂಟ್ ತೇವ ಅಂದರೆ ಸುಮಾರು 20 ಗ್ರಾಂ. ವಾರಕ್ಕೊಮ್ಮೆ ತೂಗಿ, ನೆಕ್ ಕೂರುವ ಗುಂಡಿಯೊಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ತೂಕ ಐದಾರು ಗ್ರಾಂ ಒಳಗೇ ಓಡಾಡುತ್ತಿದ್ದರೆ ಮುಂದುವರಿಯಿರಿ. ಏರುತ್ತಲೇ ಇದ್ದರೆ ಮರ ಇನ್ನೂ ನೀರು ಕುಡಿಯುತ್ತಿದೆ ಅಂತ ಅರ್ಥ. ಅದರ ಮೇಲೆ ಏನು ಹಚ್ಚಿದರೂ ಹಲಗೆ ಅಂಟಿಸಿದ ಸಾಲು ಬೇಸಿಗೆಯಲ್ಲಿ ಪಾಲಿಶ್ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ.

ಮರ ಒಣಗಿಸಲು ಹಳೆಯ ಬೀರುವಿನಲ್ಲಿ ಒಂದು 60 ವ್ಯಾಟ್ ಬಲ್ಬ್ ಉರಿಸಿ. ಎಲ್‌ಇಡಿ ಅಲ್ಲ, ಹಳೆ ಕಾಲದ ತಂತಿ ಬಲ್ಬ್. 20 ಡಿಗ್ರಿಯಲ್ಲಿ 90 ಪರ್ಸೆಂಟ್ ತೇವ ಇರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಅದೇ ಗಾಳಿ 50 ಪರ್ಸೆಂಟ್ ಹತ್ತಿರಕ್ಕೆ ಇಳಿಯುತ್ತದೆ. ಬಲ್ಬಿಗೂ ಮರಕ್ಕೂ ನಡುವೆ ಒಂದು ಅಡಿಯಾದರೂ ಅಂತರ ಇರಲಿ. ಮೈಯನ್ನು ಒಂದು ರಾತ್ರಿ ಒಳಗಿಟ್ಟು ಬೆಚ್ಚಗೆ ಹೊರತೆಗೆದು ಪಾಲಿಶ್ ಹಚ್ಚಿ. ಹಚ್ಚಿದ ತಕ್ಷಣ ಮತ್ತೆ ಒಳಗಿಡಬೇಡಿ. ಸ್ಪಿರಿಟ್ ಆವಿ ಮತ್ತು ಬಿಸಿ ಬಲ್ಬ್ ಒಂದೇ ಪೆಟ್ಟಿಗೆಯಲ್ಲಿ ಇರಲೇಬಾರದು. ವಾಸನೆ ಪೂರ್ತಿ ಹೋಗಲಿ.

ಈಗ ಪಾಲಿಶ್. ಅರಗಿನ ಚಕ್ಕೆ 30 ಗ್ರಾಂ, ಪಾಲಿಶ್ ಸ್ಪಿರಿಟ್ 200 ಮಿಲಿ. ಗಾಜಿನ ಬಾಟಲಿಯಲ್ಲಿ ಹಾಕಿ ರಾತ್ರಿಯಿಡೀ ಬಿಡಿ, ಆಗಾಗ ಅಲ್ಲಾಡಿಸಿ, ಬೆಳಗ್ಗೆ ಹಳೆ ಪಂಚೆಯಲ್ಲಿ ಸೋಸಿ. ತಿಳಿ ಬಣ್ಣದ ಚಕ್ಕೆ ಕೇಳಿ ತನ್ನಿ, ಕಡುಕಂದು ಚಕ್ಕೆ ಹಾಕಿದರೆ ಮರ ಕೆಂಪಗಾಗುತ್ತದೆ. ಕಲಸಿಟ್ಟ ಹಳೆ ಪಾಲಿಶ್ ಯಾರಾದರೂ ಕೊಟ್ಟರೆ ಮೊದಲು ಗಾಜಿನ ಮೇಲೆ ಒಂದು ಹನಿ ಇಟ್ಟು ನೋಡಿ. ಮಾರನೇ ದಿನವೂ ಉಗುರಿಗೆ ಅಂಟಿದರೆ ಅದು ಸತ್ತ ಪಾಲಿಶ್, ಬೇಡ.

ಹಚ್ಚುವ ಮೊದಲು ಮರವನ್ನು 180, 220, 320 ಪೇಪರ್‌ನಲ್ಲಿ ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಿದ ಗೀರು ಮಿನುಗುವ ಚಕ್ಕೆಗಳ ಮೇಲೆ ಥಟ್ಟನೆ ಕಾಣುತ್ತದೆ. ಪೇಪರಿಗಿಂತ ಒಳ್ಳೆಯದು ನಮ್ಮವರು ಮಾಡುವ ಹಾಗೆ ಹೊಸದಾಗಿ ಒಡೆದ ಗಾಜಿನ ಅಂಚಿನಿಂದ ಕೆರೆಯುವುದು. ಕೈಗೆ ಗ್ಲೌಸ್ ಇರಲಿ. ಗಾಜು ಸರಿಯಾಗಿ ಹಿಡಿದರೆ ಪುಡಿ ಬರುವುದಿಲ್ಲ, ತೆಳ್ಳಗೆ ಸುರುಳಿ ಬರುತ್ತದೆ. ಹಾಗೆ ಕೆರೆದ ಮೈ ಪಾಲಿಶ್ ಇಲ್ಲದೆಯೇ ಹೊಳೆಯುತ್ತದೆ. ರಂಧ್ರ ಮುಚ್ಚಲು ಚಾಕ್ ಪೌಡರ್ ಪುಟ್ಟಿ ಮಾತ್ರ ಬೇಡ. ಅದು ಒಂದೊಂದು ರಂಧ್ರದಲ್ಲೂ ಬೆಳ್ಳಗೆ ಕೂತು ನಿಮ್ಮ ಆಸೆಯನ್ನೇ ಕೆಡಿಸುತ್ತದೆ.

ಹತ್ತಿ ಉಂಡೆಯನ್ನು ಮೆತ್ತನೆ ಪಂಚೆ ಬಟ್ಟೆಯಲ್ಲಿ ಸುತ್ತಿ ಗಂಟು ಹಿಡಿಯಿರಿ. ಪಾಲಿಶನ್ನು ಉಂಡೆಯ ಒಳಗೆ ಹಾಕಬೇಕು, ಬಟ್ಟೆಯ ಮೇಲಲ್ಲ. ಕೈಯ ಹಿಂಭಾಗಕ್ಕೆ ಒತ್ತಿದರೆ ತಣ್ಣಗೆ ಅನಿಸಬೇಕು, ಹನಿ ತೊಟ್ಟಿಕ್ಕಬಾರದು. ಈ ಅಂಚಿನಿಂದ ಜಾರಿಸುತ್ತಾ ಬಂದು ಎದುರಿನ ಅಂಚಿನಿಂದ ಜಾರಿಸುತ್ತಲೇ ಹೊರಗೆ ಹೋಗಬೇಕು. ಮಧ್ಯದಲ್ಲಿ ನಿಂತರೆ ಉಂಡೆ ಅಲ್ಲೇ ಕಚ್ಚಿಕೊಂಡು ಗುರುತು ಬೀಳುತ್ತದೆ. ಮೊದಲ ಕೆಲವು ಕೈ ಹೀಗೆ ನೇರ. ಒಣಗಿದ ಮೇಲೆ 320 ಪೇಪರಿನಲ್ಲಿ ಹಗುರಕ್ಕೆ ಉಜ್ಜಿ. ಆಮೇಲೆ ಸಣ್ಣ ಸುತ್ತು, ಎಂಟರ ಆಕಾರ, ಕೊನೆಗೆ ಮತ್ತೆ ನೇರ. ಉಂಡೆ ಎಳೆಯತೊಡಗಿದರೆ ಬೆರಳ ತುದಿಯಲ್ಲಿ ಒಂದು ತೊಟ್ಟು ಎಣ್ಣೆ ಸವರಿ. ದಿನಕ್ಕೆ ಎರಡು ಸಲ ಸಾಕು, ಅವಸರ ಬೇಡ.

ಅರಗು ಕೂಡ ತೇವಕ್ಕೆ ಬೆಳ್ಳಗಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಬರೀ ಸ್ಪಿರಿಟ್ ಸೋಕಿಸಿದ ಉಂಡೆಯನ್ನು ಹಗುರಕ್ಕೆ ಆಡಿಸಿದರೆ ಮಬ್ಬು ಕರಗಿ ಹೋಗುತ್ತದೆ. ಪ್ರತಿ ಕೈಯೂ ಹಿಂದಿನದರೊಳಗೆ ಕರಗಿ ಒಂದೇ ಪದರ ಆಗುತ್ತದೆ. ಎಲ್ಲಾದರೂ ಕೆಟ್ಟರೆ ಅಷ್ಟೇ ಜಾಗ ಸರಿ ಮಾಡಬಹುದು. ಮಲೆನಾಡಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಕೆಂಪುಹೊಳೆ, ಸಕಲೇಶಪುರ

ಒಂದು ಮುಖ್ಯ ಮಾತು ಬಿಟ್ಟುಹೋಗಿದೆ. ಸಿಲ್ವರ್ ಓಕ್ ಪುಡಿ ಕೆಲವರ ಮೈಗೆ ಆಗುವುದಿಲ್ಲ. ಚರ್ಮ ಕೆಂಪಗಾಗಿ ತುರಿಕೆ ಬರುತ್ತದೆ. ಮಾಸ್ಕ್ ಹಾಕಿ, ತುಂಬು ತೋಳಿನ ಅಂಗಿ ಹಾಕಿ, ಕೆಲಸ ಮುಗಿದ ಮೇಲೆ ಅದೇ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಪಾಲಿಶ್ ಹಾಕಿದ ಮೇಲೆ ಪುಡಿ ಏಳುವುದಿಲ್ಲವಾದ್ದರಿಂದ ನುಡಿಸುವಾಗ ಚಿಂತೆ ಇಲ್ಲ.

ಹಾಗೇ, ಯಾರಾದರೂ ಬೇಯಿಸಿದ ಅಗಸೆ ಎಣ್ಣೆ ಹಚ್ಚುವವರಿದ್ದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆರುವಾಗ ಬಿಸಿ ಹುಟ್ಟಿ ತಾನಾಗೇ ಬೆಂಕಿ ಹತ್ತುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ತಂತಿಮರ, ಮೂಡಿಗೆರೆ

ತುಂಬಾ ಉಪಕಾರ ಆಯ್ತು ಸರ್, ಮೇಡಂ, ಎಲ್ಲರಿಗೂ. ತೂಕ ಬರೆಯಲು ಇವತ್ತೇ ಶುರು ಮಾಡುತ್ತೇನೆ. ಉಳಿಬಾಯಿ ಸರ್, ಇನ್ನೆರಡು ಪ್ರಶ್ನೆ. ನೆಕ್ ಕೂರುವ ಗುಂಡಿಯೊಳಗೂ ಪಾಲಿಶ್ ಹಾಕಬೇಕಾ? ಮತ್ತೆ, ನುಡಿಸುವಾಗ ಮೊಣಕೈ ಬೆವರಿಗೆ ಅರಗು ತಡೆಯುತ್ತದಾ?

ಉಳಿಬಾಯಿ, ಹಾಸನ

ಗುಂಡಿಯ ತಳಕ್ಕೆ ಬೇಡ. ನೆಕ್ಕಿನ ಹಿಮ್ಮಡಿ ಮರಕ್ಕೆ ಮರ ತಾಗಿ ಕೂರಬೇಕು. ಟೆಲಿಕ್ಯಾಸ್ಟರಿನ ಗುಂಡಿ ಸಾಮಾನ್ಯವಾಗಿ 56 ಮಿಮೀ ಅಗಲ, 16 ಮಿಮೀ ಆಳ. ಆದರೆ ಪುಸ್ತಕದ ಅಳತೆ ಬಿಟ್ಟು ನಿಮ್ಮ ಕೈಯಲ್ಲಿರುವ ನೆಕ್ಕನ್ನೇ ಇಟ್ಟು ನೋಡಿ. ಸ್ಕ್ರೂ ಇಲ್ಲದೆ ಮೈಯನ್ನು ನೆಕ್ ಹಿಡಿದೆತ್ತಿದರೆ ಕಳಚಿ ಬೀಳದಷ್ಟು ಬಿಗಿ ಇರಬೇಕು. ಗೋಡೆಗಳಿಗೆ ಪಾಲಿಶ್ ಸೇರಿದರೆ ಕೂಡಿಸುವಾಗ ಅಂಚು ಸಿಡಿಯುತ್ತದೆ, ಹಾಗಾಗಿ ಗುಂಡಿಗೆ ಪೂರ್ತಿ ಟೇಪ್ ಅಂಟಿಸಿಕೊಳ್ಳಿ. ಹತ್ತರ ಸೆಟ್ ತಂತಿ (ತೆಳು ತಂತಿ 0.010 ಇಂಚು) ಹಾಕಿ ಶ್ರುತಿ ಮಾಡಿದರೆ ಆರೂ ತಂತಿ ಸೇರಿ 45 ಕೆಜಿಗೂ ಮಿಕ್ಕಿ ಎಳೆಯುತ್ತವೆ, ಹೆಚ್ಚೂಕಡಿಮೆ ಒಂದು ಮೂಟೆ ಕಾಫಿ. ಅಷ್ಟೂ ಭಾರ ಆ ಗುಂಡಿಯ ಮೇಲೆ.

ಮೈ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿನ ತೂತು ಈಗಾಗಲೇ ಕೊರೆದಿಲ್ಲ ಅಂದುಕೊಳ್ಳುತ್ತೇನೆ. ಕೊರೆದಿಲ್ಲವಾದರೆ ನೆಕ್ ಕೂರಿಸಿದ ಮೇಲೇ ಕೊರೆಯಿರಿ. ನಿಮ್ಮದು 648 ಮಿಮೀ ಸ್ಕೇಲ್ (ತಂತಿ ನುಡಿಯುವ ಉದ್ದ) ಆದರೆ, ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನಿಂದ 12ನೇ ಫ್ರೆಟ್‌ಗೆ 324 ಬರಬೇಕು. ಅಲ್ಲಿಂದ ಇನ್ನೊಂದು 324ಕ್ಕೆ ತೆಳು ತಂತಿಯ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡು). ಸ್ಯಾಡಲ್ ಹಿಂದಕ್ಕೆ ಸರಿಯಲು ಜಾಗ ಬಿಟ್ಟಿರಬೇಕು, ದಪ್ಪ ತಂತಿಗೆ ಸ್ವಲ್ಪ ಹೆಚ್ಚು ಉದ್ದ ಬೇಕು. ನಟ್‌ನ ಎರಡೂ ಹೊರ ಕಚ್ಚುಗಳಿಂದ ಹೊಲಿಗೆ ದಾರ ಎಳೆದು ಹಿಡಿದರೆ ನೆಕ್ ಎತ್ತ ವಾಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಇದು ಪಾಲಿಶ್‌ಗಿಂತ ದೊಡ್ಡ ಕೆಲಸ, ದಯವಿಟ್ಟು ಮೊದಲು ಮುಗಿಸಿ.

ಬೆವರಿನ ವಿಷಯ. ಮನೆಯಲ್ಲಿ ನುಡಿಸುವವರಿಗೆ ಅರಗು ಧಾರಾಳ ಸಾಕು, ಮೇಲೊಂದು ಕೈ ಮೇಣ ಉಜ್ಜಿ. ಬಿಸಿ ಲೋಟ ಇಟ್ಟರೆ, ಸ್ಯಾನಿಟೈಸರ್ ತಾಗಿದರೆ ಗುರುತು ಬೀಳುತ್ತದೆ. ವಾರವಾರ ಆರ್ಕೆಸ್ಟ್ರಾದಲ್ಲಿ ನುಡಿಸುವವರಾದರೆ ಪಿಯು (ಪಾಲಿಯುರೆಥೇನ್) ಹಾಕಿಸುವುದೇ ಒಳ್ಳೆಯದು. ಮುಂದೆ ಪಿಯು ಹಾಕುವ ಯೋಚನೆ ಇದ್ದರೆ ಈಗಲೇ ಮೇಣ ತೆಗೆದ ಅರಗಿನ ಚಕ್ಕೆ ತನ್ನಿ. ಮೇಣವಿರುವ ಅರಗಿನ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಆಗ ಮೇಲೆ ಮೇಣ ಉಜ್ಜುವುದೂ ಬೇಡ.

ಕೊನೆ ಕೈ ಆದ ಮೇಲೆ ಎರಡು ಮೂರು ವಾರ ಗೂಟಕ್ಕೆ ನೇತುಹಾಕಿ ಬಿಡಿ. ಆಮೇಲೆ 1500, 2000 ನೀರುಪೇಪರಿಗೆ ಒಂದೆರಡು ಹನಿ ಎಣ್ಣೆ ಹಾಕಿಕೊಂಡು ಹಗುರಕ್ಕೆ ಉಜ್ಜಿ, ಪಾಲಿಶಿಂಗ್ ಕಾಂಪೌಂಡ್ ಹಾಕಿ ಹೊಳಪು ತನ್ನಿ. ಅಲ್ಲಿವರೆಗೆ ಪಿಕಪ್ ವೈರಿಂಗ್ ಟೇಬಲ್ ಮೇಲೆಯೇ ಬೆಸುಗೆ ಹಾಕಿ ಮುಗಿಸಿಡಬಹುದು. ವೈರಿಂಗ್‌ನಲ್ಲಿ ಅನುಮಾನ ಬಂದರೆ ಕಂಟ್ರೋಲ್ ಪ್ಲೇಟಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.