ಚಳಿಗಾಲದ ಹಕ್ಕಿ ಎಣಿಕೆ: ಮೂರು ತಂಡ, ಮೂರು ಲೆಕ್ಕ. ಯಾವುದನ್ನು ಬರೆಯೋದು?

ಏರಿಮೇಲೆ:
ದಾವಣಗೆರೆ ಪಕ್ಕದ ಮಧ್ಯಮ ಗಾತ್ರದ ಕೆರೆ. ಜನವರಿಯ ಎಣಿಕೆಗೆ ಮೂರು ತಂಡ ಇತ್ತು. ಏರಿಯವರು ಶುರು ಮಾಡಿದ್ದು 6.45ಕ್ಕೆ, ಕೋಡಿಯವರು 7.30ಕ್ಕೆ, ಹಿನ್ನೀರಿನವರು 8ರ ಮೇಲೆ. ಇದೇ ಕ್ರಮದಲ್ಲಿ ನಾಮದಕೋಳಿ 340, 610, 280. ಬಿಳಿಹುಬ್ಬಿನ ಬಾತು 120, 0, 150. ಕೂಡಿಸೋದಾ, ಸರಾಸರಿ ತೆಗೆಯೋದಾ? ಜೊತೆಗೆ, ವಲಸೆ ಬರೋ ಗದ್ದೆಗೊರವ ಹೋದ ವರ್ಷಕ್ಕಿಂತ ತೀರಾ ಕಮ್ಮಿ. 'ವಲಸೆ ಹಕ್ಕಿ ಅರ್ಧಕ್ಕೆ ಇಳಿದಿವೆ' ಅಂತ ಪೇಪರಿಗೆ ಕೊಡೋಣ ಅಂತಿದಾರೆ. ಕೊಡಬಹುದಾ?

ಕೋಡಿಕಲ್ಲು:
ಸರಾಸರಿ ಮಾತ್ರ ಬೇಡ. ಮೂರರ ಸರಾಸರಿ 410 ಬರುತ್ತೆ, ಆ 410 ಹಕ್ಕಿಗಳನ್ನ ಯಾರೂ ನೋಡಿಲ್ಲ.

ಮೊದಲು ನೋಡಬೇಕಾದ್ದು ಮೂರೂ ತಂಡದ ಕಣ್ಣಿಗೆ ಬಿದ್ದ ನೀರು ಒಂದೇನಾ ಬೇರೆನಾ ಅಂತ. ಒಂದೇ ನೀರಾದರೆ ಪ್ರತಿ ಜಾತಿಗೂ ಯಾವುದಾದರೂ ಒಂದು ತಂಡ ಒಂದು ಸಲಕ್ಕೆ ಎಣಿಸಿದ ಅತಿ ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ. ಬೇರೆ ಬೇರೆ ನೀರು, ಒಂದೇ ಹೊತ್ತು ಆದರೆ ಕೂಡಿಸಿ. ನಿಮ್ಮದು ಎರಡರ ನಡುವೆ ಸಿಕ್ಕಿಕೊಂಡಿದೆ: ನೀರು ಬೇರೆ, ಹೊತ್ತೂ ಬೇರೆ. ಏರಿಗೂ ಹಿನ್ನೀರಿಗೂ ಒಂದೂಕಾಲು ಗಂಟೆ ಅಂತರ ಅಂದ್ರೆ ಬಾತು ಕೆರೆಯನ್ನ ನಾಲ್ಕು ಸಲ ಸುತ್ತಿ ಬಂದಿರುತ್ತೆ. ಹಾಗಾಗಿ ಬಾತಿಗೆ 270 ಬರೀಬೇಡಿ. 150 ಬರೆದು, ಟಿಪ್ಪಣಿಯಲ್ಲಿ 'ಕನಿಷ್ಠ' ಅಂತ ಹಾಕಿ.

ಮುಂದಿನ ವರ್ಷಕ್ಕೆ ತೂಬು, ಕೋಡಿ, ಒಂಟಿ ಜಾಲಿಮರ, ಹೀಗೆ ಅಳಿಸಿಹೋಗದ ಗುರುತು ಹಿಡಿದು ಭಾಗ ಮಾಡಿ. ಎಲ್ಲರೂ ಒಂದೇ ನಿಮಿಷಕ್ಕೆ ಶುರು ಮಾಡಿ. ಗುಂಪು ಎದ್ದರೆ ಗಂಟೆ, ದಿಕ್ಕು, ಅಂದಾಜು ಸಂಖ್ಯೆ ಮೂರನ್ನೂ ಬರೀರಿ. ಬೆಳಗ್ಗೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು; ಬಿಸಿಲಿಗೆ ಎದುರಾಗಿ ನಿಂತರೆ ಎಲ್ಲಾ ಬಾತೂ ಕಪ್ಪು ಬಾತೇ.

ನಾಮದಕೋಳಿ ದಟ್ಟವಾಗಿ ಕೂತಾಗ ಒಂದೊಂದಾಗಿ ಎಣಿಸೋಕೆ ಹೋಗಬೇಡಿ. ಮೊದಲು 20 ಹಕ್ಕಿ ನಿಜವಾಗಿ ಎಣಿಸಿ, ಅದು ಎಷ್ಟು ಜಾಗ ಹಿಡಿಯುತ್ತೆ ಅಂತ ಕಣ್ಣಿಗೆ ಕೂರಿಸಿಕೊಂಡು, ಆ ಅಳತೆಯನ್ನೇ ಗುಂಪಿನ ಉದ್ದಕ್ಕೂ ಇಡುತ್ತಾ ಹೋಗಿ. ತಪ್ಪೋದು ಗುಂಪಿನ ಅಂಚಿನಲ್ಲಿ: ನಡುವೆ ಒತ್ತಾಗಿ, ಅಂಚಿನಲ್ಲಿ ಚದುರಿ ಕೂತಿರ್ತವೆ, ಒಂದೇ ಅಳತೆ ಎರಡೂ ಕಡೆ ನಡೆಯಲ್ಲ. ಗುಳುಮುಳುಕ ಮುಳುಗಿದ್ದಾಗ ಲೆಕ್ಕಕ್ಕೆ ಸಿಗಲ್ಲ, ಅದಕ್ಕೇ ಅಂತ ಎರಡು ಮೂರು ಸಲ ನೋಟ ಹಾಯಿಸಿ, ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ.

ಗದ್ದೆಬಯಲು:
ಪೇಪರಿಗೆ ಕೊಡೋ ಮೊದಲು ಕೆರೆಯಲ್ಲಿ ನೀರೆಷ್ಟಿತ್ತು ಅಂತ ಹೇಳಿ. ಗದ್ದೆಗೊರವಕ್ಕೆ ಬೇಕಾದ್ದು ಎರಡು ಬೆರಳು ನೀರು ಮತ್ತೆ ಕೆಸರು. ಮೆಟ್ಟುಗಾಲು ಹಕ್ಕಿಗೆ ಗೇಣುದ್ದದೊಳಗೆ. ತಲೆ ಮುಳುಗಿಸಿ ಮೇಯುವ ಬಾತಿಗೆ ಹೆಚ್ಚೆಂದರೆ ಮೊಳ. ಕೆರೆ ಕೋಡಿ ಬಿದ್ದ ವರ್ಷ ಈ ಅಂಚೇ ಇರಲ್ಲ, ನೀರು ನೇರ ಜಾಲಿ ಪೊದೆಗೆ ತಾಗಿರುತ್ತೆ. ದುರ್ಗದ ಕಡೆಯವರಿಗೆ ವಾಣಿವಿಲಾಸ ಸಾಗರದ ಉದಾಹರಣೆ ಸಾಕು: 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಅಂಥ ವರ್ಷದ ದಡವನ್ನ ಬರದ ವರ್ಷದ ದಡದ ಜೊತೆ ಹೋಲಿಸಿ 'ಹಕ್ಕಿ ಹೋದವು' ಅಂದರೆ ಸುಳ್ಳಾಗುತ್ತೆ.

ಇನ್ನೊಂದು ನಮ್ಮ ಕಡೆಯದೇ ವಿಷಯ. ಬೇಸಿಗೆ ಭತ್ತಕ್ಕೆ ಭದ್ರಾ ನಾಲೆಯ ನೀರು ಬರೋದು ಸಾಮಾನ್ಯವಾಗಿ ಜನವರಿಯಲ್ಲಿ, ಎಣಿಕೆ ನಡೆಯೋದೂ ಆಗಲೇ. ಗದ್ದೆ ಕೆಸರು ಮಾಡೋ ಟ್ರ್ಯಾಕ್ಟರ್ ಹಿಂದೆಯೇ ಬೆಳ್ಳಕ್ಕಿ, ಕೆಂಬರಲು, ಬಾಯ್ಕಳಕ, ಗದ್ದೆಗೊರವ ಎಲ್ಲಾ ಇರ್ತವೆ. ಕೆರೆ ಖಾಲಿ, ಅಚ್ಚುಕಟ್ಟು ತುಂಬಿದೆ. ಅದನ್ನ ಕೆರೆಯ ಪಟ್ಟಿಗೆ ಸೇರಿಸಬೇಡಿ, ಬೇರೆ ಪಟ್ಟಿ ಮಾಡಿ. ಪಟ್ಟೆತಲೆ ಹೆಬ್ಬಾತು ಬರೋ ಕೆರೆಯಾದರೆ ಇನ್ನೂ ಎಚ್ಚರ: ಅದು ಹೊಲದಲ್ಲಿ ಮೇದು ಬಂದು ನೀರಲ್ಲಿ ಕೂರೋ ಹಕ್ಕಿ. ನೀವು ಹೋದ ಹೊತ್ತಿಗೆ ಇಲ್ಲ ಅಂದರೆ ಊರಲ್ಲೇ ಇಲ್ಲ ಅಂತಲ್ಲ.

ಮಿಂಚುಳ್ಳಿ_ದುರ್ಗ:
ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ (ಏಷ್ಯಾದ ನೀರುಹಕ್ಕಿ ಎಣಿಕೆ) 1987ರಿಂದ ಜನವರಿಯಲ್ಲೇ ನಡೀತಿರೋದಕ್ಕೆ ಕಾರಣ ಇದೆ. ಆ ಹೊತ್ತಿಗೆ ವಲಸೆ ಹಕ್ಕಿಗಳ ಓಡಾಟ ತಗ್ಗಿರುತ್ತೆ. ಆದರೂ ಅದು ಒಂದು ಬೆಳಗಿನ ಫೋಟೊ ಅಷ್ಟೆ. ಎರಡು ವರ್ಷದ ಅಂಕಿ ಇಟ್ಟುಕೊಂಡು ಇಳಿಕೆ ಅನ್ನೋಕಾಗಲ್ಲ.

ಕೋಡಿಯವರ 0 ಬಗ್ಗೆ ನನಗೆ ಅನುಮಾನ. ಬಿಳಿಹುಬ್ಬಿನ ಬಾತಿನ ಗಂಡಿಗೆ ಜನವರಿಯಲ್ಲೂ ಆ ಬಿಳಿ ಹುಬ್ಬು ಮೂಡಿರದೇ ಇರಬಹುದು. ಮಂಕು ಗರಿಯಲ್ಲಿ ಹೆಣ್ಣಿನ ಹಾಗೇ ಕಾಣುತ್ತೆ, ದೂರದಿಂದ 'ಯಾವುದೋ ಕಂದು ಬಾತು'. ಅವರ ಪಟ್ಟಿಯಲ್ಲಿ ಗುರುತಾಗದ ಬಾತು ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ಹಾಗೇ ಬಿಡಿ, ಊಹೆ ಮಾಡಿ ಜಾತಿ ಹಚ್ಚಬೇಡಿ.

ಇ-ಬರ್ಡ್‌ಗೆ (ಹಕ್ಕಿ ಪಟ್ಟಿ ಹಾಕೋ ಜಾಲತಾಣ) ಹಾಕುವಾಗ ಒಂದು ತಂಡಕ್ಕೆ ಒಂದೇ ಪಟ್ಟಿ, ಉಳಿದ ಸದಸ್ಯರಿಗೆ ಶೇರ್. ಐದು ಜನ ಐದು ಸಲ ಹಾಕಿದರೆ ಅದೇ ಕೋಳಿ ಐದು ಪಾಲಾಗುತ್ತೆ. ಸಂಖ್ಯೆ ಜಾಗದಲ್ಲಿ 'ಎಕ್ಸ್' (ಹಕ್ಕಿ ಇತ್ತು, ಎಣಿಸಿಲ್ಲ ಅನ್ನೋ ಗುರುತು) ಬೇಡ. ಒರಟು ಅಂದಾಜಾದರೂ ಸರಿ.

ಏರಿಮೇಲೆ:
ಕೋಡಿಯವರ ಪುಸ್ತಕದಲ್ಲಿ ಸಿಕ್ತು: '7.50, ಏರಿ ಕಡೆ ಹರಿಗೋಲು ಇಳೀತು, ನಾಮದಕೋಳಿ ಗುಂಪು ಇತ್ತ ಈಜಿ ಬಂತು.' ಕೆಳಗೆ 'ಕಂದು ಬಾತು 40?' ಅಂತಲೂ ಇದೆ. ಹಿನ್ನೀರು ತಿರುವಿನ ಆಚೆ, ಕೋಡಿಯಿಂದ ಕಾಣಲ್ಲ.

ಕೋಡಿಕಲ್ಲು:
610 ಎಣಿಸಿದ್ದು 7.50ರ ನಂತರವಾದರೆ ಏರಿಯ 340 ಅದರೊಳಗೇ ಇದೆ, 610ಕ್ಕೆ 280 ಸೇರಿಸಿ 890. ಮೊದಲೇ ಎಣಿಸಿದ್ದರೆ ಮೂರೂ ಕೂಡಿ 1,230. ಗಂಟೆ ಬರೆದಿಲ್ಲ ಅಂದರೆ 890 ಬರೆದು 'ಕನಿಷ್ಠ' ಹಾಕಿ. ಆ 40ನ್ನ ಬಾತು, ಜಾತಿ ತಿಳಿಯದ್ದು ಅಂತ ಕೋಡಿಯ ಪಟ್ಟಿಯಲ್ಲೇ ಇಡಿ, 150ಕ್ಕೆ ಸೇರಿಸಬೇಡಿ.